ಸೈನಿಕ ಸಿಗುತ್ತಾನೆ, ಅವನ ಮಗಳು ಸಿಗುವುದಿಲ್ಲ

ಅಮೆರಿಕದಲ್ಲಿ ನೆಲೆಸಿ ಇಲ್ಲಿನವರನ್ನೇ ಮದುವೆಯಾದ ಕನ್ನಡಿಗರು ಆಗಾಗ ಕೇಳುತ್ತಾರೆ: "ನನ್ನ ಹೆಂಡತಿ ಕಡೆಯ ಹಿರಿಯರೊಬ್ಬರು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇದ್ದರಂತೆ. ಮಗಳು ಡಿಎಆರ್ ಸೇರಬಹುದಾ?"

ಖಂಡಿತ ಸೇರಬಹುದು. ಡಿಎಆರ್ ಅಂದರೆ ಡಾಟರ್ಸ್ ಆಫ್ ದ ಅಮೆರಿಕನ್ ರೆವಲ್ಯೂಷನ್, 1890ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ ಹೆಂಗಸರ ಸೇವಾ ಸಂಘಟನೆ. 18 ತುಂಬಿರಬೇಕು, ಆ ಹಿರಿಯರ ರಕ್ತಸಂಬಂಧ ನೇರವಾಗಿ ಇಳಿದು ಬಂದಿರಬೇಕು. ಹಿರಿಯರು ಬಂದೂಕು ಹಿಡಿದಿರಲೇಬೇಕು ಅಂತಿಲ್ಲ. ಸೈನ್ಯಕ್ಕೆ ದವಸ ಕೊಟ್ಟವರೂ ಲೆಕ್ಕಕ್ಕೆ ಬರುತ್ತಾರೆ.

ಮಗಳ ಮೈಬಣ್ಣದ ಬಗ್ಗೆ ಅಳುಕುವ ತಾಯಂದಿರಿದ್ದಾರೆ. ಆ ಅಳುಕಿಗೆ ಕಾರಣವಿದೆ. 1939ರಲ್ಲಿ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್‌ಗೆ ಈ ಸಂಘಟನೆ ತನ್ನ ಸಭಾಂಗಣ ಕೊಡಲಿಲ್ಲ. ಅದು ದೊಡ್ಡ ತಪ್ಪು. 1977ರಲ್ಲಿ ಕ್ಯಾರೆನ್ ಬ್ಯಾಚೆಲರ್ ಎಂಬ ಕಪ್ಪು ಮಹಿಳೆ ಸದಸ್ಯೆಯಾದರು. ಇವತ್ತು ಬಣ್ಣ, ಧರ್ಮ ಯಾವುದೂ ಅಡ್ಡಿಯಲ್ಲ.

ನಿಜವಾದ ಕಷ್ಟ ಕಾಗದದ್ದು. ಊರಲ್ಲಿ ವಂಶವೃಕ್ಷಕ್ಕೆ ನಾಡಕಚೇರಿಗೆ ಅಲೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಈಚಿನ ಮೂರು ತಲೆಮಾರಿಗೆ ಜನನ, ಮದುವೆ, ಮರಣದ ಪ್ರಮಾಣಪತ್ರ ಸಾಕು. ಸೈನಿಕನ ಹೆಸರೂ ಸಾಮಾನ್ಯವಾಗಿ ಪಿಂಚಣಿ ಕಡತದಲ್ಲೋ ಪಟ್ಟಿಯಲ್ಲೋ ಸಿಗುತ್ತದೆ. ನಡುವಿನ ಹೆಂಗಸರೇ ಕಾಣೆಯಾಗಿರುತ್ತಾರೆ.

1840ರ ಜನಗಣತಿಯ ಒಂದು ಹಾಳೆ ನೋಡಿ. ಮನೆ ಯಜಮಾನನ ಹೆಸರು, ಯುದ್ಧದ ಪಿಂಚಣಿ ಪಡೆಯುವವರಿದ್ದರೆ ಅವರ ಹೆಸರು, ಇಷ್ಟೇ ಇರುತ್ತದೆ. ಉಳಿದವರೆಲ್ಲ ವಯಸ್ಸಿನ ಕಾಲಂನಲ್ಲಿ ಬರೀ ಅಂಕಿ. ಹದಿನೈದರಿಂದ ಇಪ್ಪತ್ತರೊಳಗಿನ ಹುಡುಗಿ: 1. ಅಷ್ಟೇ. ಮನೆಯಲ್ಲಿದ್ದವರ ಹೆಸರೆಲ್ಲ ಬರೆದದ್ದು 1850ರಿಂದ, ಅದೂ ಗುಲಾಮರನ್ನು ಬಿಟ್ಟು. ಅಷ್ಟರಲ್ಲಿ ಆ ಹುಡುಗಿ ಮದುವೆಯಾಗಿ, ಹೆಸರು ಬದಲಾಗಿ, ಎಲ್ಲೋ ಹೋಗಿರುತ್ತಾಳೆ.

ಅಂಥವಳನ್ನು ನಾನು ಅಪ್ಪನ ಉಯಿಲಿನಲ್ಲಿ ಹುಡುಕುತ್ತೇನೆ. "ನನ್ನ ಮಗಳು, ಇಂಥವನ ಹೆಂಡತಿ" ಅಂತ ಒಂದು ಸಾಲು ಸಿಕ್ಕರೆ ಎರಡು ತಲೆಮಾರು ಬೆಸೆದುಕೊಳ್ಳುತ್ತವೆ. ಆ ಸಾಲಿಗಾಗಿ ತಿಂಗಳುಗಟ್ಟಲೆ ಕಾದಿದ್ದೇನೆ. ಸಿಕ್ಕ ದಿನ ಕಣ್ಣು ತುಂಬಿದ್ದೂ ಇದೆ.

ನೀವು ಮೊದಲು ಡಿಎಆರ್‌ನ ಆನ್‌ಲೈನ್ ಹುಡುಕಾಟದಲ್ಲಿ ಹಿರಿಯರ ಹೆಸರು ನೋಡಿ, ಅದು ಉಚಿತ. ದೂರದ ನೆಂಟರೊಬ್ಬರು ಅದೇ ವಂಶದ ಸಾಲಿನಲ್ಲಿ ಆಗಲೇ ಸೇರಿದ್ದರೆ ಅರ್ಧ ಕೆಲಸ ಮುಗಿದಂತೆ. ಸ್ಥಳೀಯ ಘಟಕದ ರಿಜಿಸ್ಟ್ರಾರ್ ಹತ್ತಿರ ಮಾತಾಡಿ, ಅರ್ಜಿ ತುಂಬಲು ಅವರೇ ಕೈ ಹಿಡಿಯುತ್ತಾರೆ. ಸುಮ್ನೆ ಯಾರೋ ಹಾಕಿದ ಆನ್‌ಲೈನ್ ವಂಶವೃಕ್ಷವನ್ನು ಪುರಾವೆ ಅಂದುಕೊಳ್ಳಬೇಡಿ.

ಅಜ್ಜಿ ಮನೆಯಲ್ಲಿ ಹಳೆಯ ಬೈಬಲ್ ಇದೆಯಾ ಕೇಳಿ. ಹುಟ್ಟು, ಮದುವೆ, ಸಾವು ಬರೆದ ಪುಟಗಳ ಜೊತೆ ಅಚ್ಚಾದ ವರ್ಷವಿರುವ ಮೊದಲ ಪುಟದ ಫೋಟೋವನ್ನೂ ತೆಗೆಯಿರಿ. 1790ರ ಮದುವೆಯನ್ನು 1870ರಲ್ಲಿ ಅಚ್ಚಾದ ಪುಸ್ತಕದಲ್ಲಿ ಬರೆದಿದ್ದರೆ, ಅದು ಕಂಡು ಬರೆದದ್ದಲ್ಲ, ಕೇಳಿ ಬರೆದದ್ದು ಅಲ್ವಾ?