ಮೌಸ್ ಮುಟ್ಟದೆ ಓಡಿದ ಕರ್ಸರ್

2015ರ ಡಿಸೆಂಬರ್ 23, ಮಧ್ಯಾಹ್ನ. ಪಶ್ಚಿಮ ಉಕ್ರೇನಿನ ಇವಾನೊ-ಫ್ರಾಂಕಿವ್ಸ್ಕ್ ಭಾಗಕ್ಕೆ ಕರೆಂಟ್ ಕೊಡುವ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಕಣ್ಣೆದುರೇ ಕರ್ಸರ್ ತಾನಾಗೇ ಓಡಾಡತೊಡಗಿತು. ಒಂದು ಬ್ರೇಕರ್ (ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ಮೇಲೆ ಹೋಗಿ ಕ್ಲಿಕ್ ಮಾಡಿತು. ಸಬ್‌ಸ್ಟೇಷನ್ ಆಫ್. ಆತ ಮೌಸ್ ಹಿಡಿದು ಎಳೆದರೂ ಅದು ಮಾತು ಕೇಳಲಿಲ್ಲ. ಆಮೇಲೆ ಅವನನ್ನೇ ಲಾಗ್‌ಔಟ್ ಮಾಡಿತು, ಪಾಸ್‌ವರ್ಡೂ ಬದಲಾಗಿತ್ತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೂರು ಕಂಪನಿಗಳಲ್ಲಿ ಹೀಗಾಯಿತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಚಳಿಗಾಲದಲ್ಲಿ ಕರೆಂಟ್ ಹೋಯಿತು.

ಇದು ಒಂದು ದಿನದ ಕೆಲಸ ಅಲ್ಲ. ತಿಂಗಳುಗಳ ಹಿಂದೆಯೇ ಸಿಬ್ಬಂದಿಗೆ ಇಮೇಲ್‌ನಲ್ಲಿ ಆಫೀಸ್ ಫೈಲ್ ಬಂದಿತ್ತು, ಯಾರೋ ಅದನ್ನು ತೆರೆದು ಮ್ಯಾಕ್ರೋ, ಅಂದರೆ ಫೈಲಿನೊಳಗೆ ಅಡಗಿದ್ದ ಪುಟ್ಟ ಪ್ರೋಗ್ರಾಂ, ಆನ್ ಮಾಡಿದ್ದರು. ಅಲ್ಲಿಂದ ಒಳಹೊಕ್ಕವರು ಪಾಸ್‌ವರ್ಡ್ ಕದ್ದು, ಯಾವ ಸ್ವಿಚ್ ಎಲ್ಲಿದೆ ಅಂತ ಸುಮ್ನೆ ಕೂತು ಕಲಿತರು. ನನಗೆ ತೀರಾ ಕ್ರೂರ ಅನ್ನಿಸುವುದು ಇನ್ನೊಂದು: ಕತ್ತಲಲ್ಲಿ ಕೂತ ಜನ ದೂರು ಕೊಡಲೂ ಆಗದಂತೆ, ಕಂಪನಿಯ ಫೋನ್ ಲೈನ್‌ಗಳಿಗೆ ಸುಳ್ಳು ಕರೆಗಳನ್ನು ಸುರಿಸಿದ್ದರು.

ಉಕ್ರೇನ್ ಬಚಾವಾಗಿದ್ದು ಹಳೇ ವ್ಯವಸ್ಥೆಯಿಂದ. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಲ್ಲೇ ಬ್ರೇಕರ್ ಹಾಕಿದರು. ಕೆಲವೇ ಗಂಟೆಗಳಲ್ಲಿ ಕರೆಂಟ್ ಬಂತು.

ಮಾಡಿದ್ದು ರಷ್ಯಾ ಅಂತ ಉಕ್ರೇನ್ ಹೇಳಿತು, ರಷ್ಯಾ ಅಲ್ಲಗಳೆಯಿತು. ರಷ್ಯಾದ ಸೇನಾ ಬೇಹುಗಾರಿಕೆಯ ಆರು ಅಧಿಕಾರಿಗಳ ಮೇಲೆ ಅಮೆರಿಕ ಆರೋಪಪಟ್ಟಿ ಹಾಕುವ ಹೊತ್ತಿಗೆ 2020ರ ಅಕ್ಟೋಬರ್ ಆಗಿತ್ತು. ಯುದ್ಧ ಸಾರದೆ, ಮಾಡಿದ್ದು ಯಾರೆಂದು ತೋರಿಸಿಕೊಳ್ಳದೆ ಹೀಗೆ ಹೊಡೆಯುವುದಕ್ಕೆ ಹೈಬ್ರಿಡ್ ಯುದ್ಧ ಅನ್ನುತ್ತಾರೆ. ಅದರ ಜೀವಾಳ ಈ ಐದು ವರ್ಷಗಳಲ್ಲಿದೆ. ಗಡಿ ದಾಟಿ ಟ್ಯಾಂಕ್ ಬಂದರೆ ಯಾರದ್ದು ಅಂತ ಕೇಳಬೇಕಿಲ್ಲ, ಆದರೆ ಕರ್ಸರ್ ಓಡಿದರೆ ಮೊದಲು ಸಾಬೀತು ಮಾಡಬೇಕು, ಅಷ್ಟರಲ್ಲಿ ನೆರವಿಗೆ ಬರಬೇಕಾದವರ ಕಾವು ಇಳಿದಿರುತ್ತದೆ. 2014ರಲ್ಲಿ ಉಕ್ರೇನಿನ ಕ್ರಿಮಿಯಾಕ್ಕೆ ಗುರುತಿನ ಪಟ್ಟಿಯಿಲ್ಲದ ಸಮವಸ್ತ್ರದ ಸೈನಿಕರು ಬಂದಾಗಲೂ ಇದೇ ಆಟ. ಅವರು ನಮ್ಮವರಲ್ಲ ಎಂದಿದ್ದ ಪುಟಿನ್, ನೆಲ ಕೈಗೆ ಬಂದ ಮೇಲೆ ಏಪ್ರಿಲ್‌ನಲ್ಲಿ ಒಪ್ಪಿಕೊಂಡರು.

ಇಂಥ ಹೈಬ್ರಿಡ್ ಯುದ್ಧ ದೊಡ್ಡ ಯುದ್ಧವನ್ನು ತಪ್ಪಿಸುತ್ತದೆ ಅನ್ನುವವರಿದ್ದಾರೆ. 2022ರ ಫೆಬ್ರವರಿಯಲ್ಲಿ ಉಕ್ರೇನಿಗೆ ರಷ್ಯಾದ ಟ್ಯಾಂಕುಗಳೂ ಬಂದವಲ್ವಾ?

ಎಸ್ಟೋನಿಯಾದ ಟಾರ್ಟು ಊರಿನದು ಇನ್ನೊಂದು ಬಗೆ. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ನೆಲ ಮುಟ್ಟುವ ಸಿಗ್ನಲ್ ಜಾತ್ರೆಯ ನಡುವೆ ಪಿಸುಗುಟ್ಟಿದ ಹಾಗೆ, ಅದೇ ತರಂಗಾಂತರದಲ್ಲಿ ಹತ್ತಿರದಿಂದ ಜಾಸ್ತಿ ಸದ್ದು ಮಾಡಿದರೆ ಮುಗಿಯಿತು. 2024ರ ಏಪ್ರಿಲ್‌ನಲ್ಲಿ ಫಿನ್‌ಲ್ಯಾಂಡಿನ ವಿಮಾನ ಕಂಪನಿ ಫಿನ್‌ಏರ್‌ನ ಎರಡು ವಿಮಾನಗಳು ಹೀಗೆ ಜಿಪಿಎಸ್ ಕೆಟ್ಟು ಟಾರ್ಟುವಿನಲ್ಲಿ ಇಳಿಯಲಾಗದೆ ವಾಪಸ್ ಹೋದವು. ಕಂಪನಿ ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತು. ಎಸ್ಟೋನಿಯಾ ರಷ್ಯಾದತ್ತ ಬೊಟ್ಟು ಮಾಡಿತು, ಆದರೆ ಆ ಜಗಳ ಮುಗಿಯಲಿ ಅಂತ ಕಾಯುತ್ತ ಕೂರಲಿಲ್ಲ. ಜಿಪಿಎಸ್ ಇಲ್ಲದೆಯೂ ನೆಲದ ರೇಡಿಯೊ ಉಪಕರಣ ನಂಬಿ ಇಳಿಯುವ ವ್ಯವಸ್ಥೆ ಮಾಡಿಕೊಂಡಿತು. ಜೂನ್‌ನಲ್ಲಿ ವಿಮಾನಗಳು ಮತ್ತೆ ಬಂದವು.