ಜೋಧಪುರದ ಬಿಸಿಲಲ್ಲಿ ಎಲೆಗಳ ನೀಲಿ ಅಚ್ಚು: ಸಯನೋಟೈಪ್ ಟಿಪ್ಪಣಿ

ಸಯನೋಟೈಪ್ ಅಂದರೆ ದ್ರಾವಣ ಬಳಿದ ಕಾಗದದ ಮೇಲೆ ಬಿಸಿಲಿನಿಂದ ನೀಲಿ ಅಚ್ಚು ಮೂಡಿಸುವ ವಿಧಾನ. ಅದನ್ನು 1842ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಅಲ್ಲಿಯದೇ ಸಸ್ಯಶಾಸ್ತ್ರಜ್ಞೆ ಆ್ಯನಾ ಅಟ್ಕಿನ್ಸ್ ಅದೇ ವಿಧಾನದಲ್ಲಿ ಬ್ರಿಟನ್ನಿನ ಕಡಲಪಾಚಿಗಳ ಅಚ್ಚು ತೆಗೆದು ಪುಸ್ತಕ ಮಾಡತೊಡಗಿದರು. ಇಬ್ಬರದೂ ಮೋಡದ ದೇಶ, ಬಿಸಿಲಿಗೆ ಕಾಯಬೇಕಿತ್ತು. ಜೋಧಪುರದಲ್ಲಿ ಬಿಸಿಲಿಗೆ ಬರವಿಲ್ಲ. ಇಲ್ಲಿ ಅಚ್ಚು ಕೆಡುವುದು ನೀರು, ಧೂಳು, ಒಣಹವೆಯಿಂದ.

ಎರಡು ಕಂದು ಬಾಟಲಿ ಬೇಕು. ಒಂದರಲ್ಲಿ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು ಬಗೆಯದು), ಇನ್ನೊಂದರಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸೈನೈಡ್. ಎರಡಕ್ಕೂ ಡಿಸ್ಟಿಲ್ಡ್ ವಾಟರ್ ಸೇರಿಸಿ 100 ಮಿ.ಲೀ. ಮಾಡಿ. ಮೊದಲ ಬಾಟಲಿಯಲ್ಲಿ ಬೂಸು ಬರುತ್ತದೆ. ಸೋಸಿಕೊಂಡರೆ ಸಾಕು, ಚೆಲ್ಲಬೇಕಿಲ್ಲ. ಬೇಕಾದಷ್ಟನ್ನೇ ಸಮಪಾಲು ಬೆರೆಸಿ. ಎ4 ಹಾಳೆಗೆ ಒಟ್ಟು ಮೂರು ಮಿ.ಲೀ. ಹಿಡಿಯುತ್ತದೆ. ಬೆರೆಸಿದ್ದು ಅವತ್ತೇ ಮುಗಿಯಬೇಕು. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಮುಟ್ಟಬೇಡಿ. ಫೆರಿಸೈನೈಡನ್ನು ಪ್ರಬಲ ಆಮ್ಲದ ಹತ್ತಿರವಾಗಲಿ ಬೆಂಕಿಯ ಹತ್ತಿರವಾಗಲಿ ಒಯ್ಯಬಾರದು, ವಿಷಾನಿಲ ಹೊರಡುತ್ತದೆ.

ನೇರಳಾತೀತ ಕಿರಣ ಬಿದ್ದಾಗ ಸಿಟ್ರೇಟಿನಲ್ಲಿರುವ ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ. ಅದು ಫೆರಿಸೈನೈಡಿನೊಂದಿಗೆ ಕೂಡಿ ನೀರಿನಲ್ಲಿ ಕರಗದ ಪ್ರಶ್ಯನ್ ಬ್ಲೂ ಎಂಬ ಕಡುನೀಲಿ ಬಣ್ಣವಾಗುತ್ತದೆ. ಎಲೆ ಮುಚ್ಚಿದ ಕಡೆ ಈ ಕ್ರಿಯೆ ನಡೆಯದೆ ದ್ರಾವಣ ತೊಳೆದುಹೋಗುತ್ತದೆ. ಇಷ್ಟೇ ರಸಾಯನ.

ಹತ್ತಿಯ ಜಲವರ್ಣ ಕಾಗದ ತಗೊಳ್ಳಿ, ಸೀಮೆಸುಣ್ಣದ ಅಂಶ ಸೇರಿಸಿರದಂಥದ್ದು. ಮಂದ ಹಳದಿ ದೀಪದಲ್ಲಿ ಅಗಲ ಬ್ರಷ್ಷಿನಿಂದ ಬಳಿಯಬೇಕು. ಮೇ ತಿಂಗಳ ಒಣಹವೆಯಲ್ಲಿ ಬ್ರಷ್ ಹಾಳೆಯ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಅದರ ಮೇಲೆ ಮತ್ತೆ ಎಳೆದರೆ ಬರೆ ಬೀಳುತ್ತದೆ, ಅದು ಅಚ್ಚಿನಲ್ಲೂ ಉಳಿಯುತ್ತದೆ. ಕೂಲರ್ ಓಡುವ ಕೋಣೆಯಲ್ಲಿ ಬಳಿದರೆ ಈ ಕಾಟ ತಪ್ಪುತ್ತದೆ, ಆದರೆ ಹನಿ ಸಿಡಿಯುವಷ್ಟು ಹತ್ತಿರ ಕೂರಬೇಡಿ. ಬಳಿದದ್ದನ್ನು ಕತ್ತಲಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಅದನ್ನು ಚೌಕಟ್ಟಿನಲ್ಲಿಟ್ಟು, ಮೇಲೆ ಎಲೆ ಜೋಡಿಸಿ, ಗಾಜು ಮುಚ್ಚಿ ಬಿಸಿಲಿಗಿಡುವುದು.

ಗಿಡಗಳ ವಿಷಯಕ್ಕೆ ಬಂದರೆ, ನನ್ನ ಮೊದಲ ಆಯ್ಕೆ ಖೇಜ್ರಿ, ಅಂದರೆ ವಿಜಯದಶಮಿಗೆ ನಾವು ಹಂಚುವ ಬನ್ನಿಯೇ. ಸಾಲಾಗಿ ಕೂತ ಕಿರುಎಲೆಗಳು ಒಂದೊಂದೂ ಬಿಡಿಬಿಡಿಯಾಗಿ ಮೂಡುತ್ತವೆ. ಒಂದು ರಾತ್ರಿ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಡಿ. ಜಾಸ್ತಿ ಒಣಗಿದರೆ ಕಿರುಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಕೊಂಬೆ ಮುರಿಯಬೇಡಿ, ಬಿದ್ದದ್ದನ್ನು ಆಯ್ದುಕೊಳ್ಳಿ. ಇದೇ ಮರಗಳನ್ನು ಉಳಿಸಲು 1730ರಲ್ಲಿ ಹತ್ತಿರದ ಖೇಜಡ್ಲಿ ಹಳ್ಳಿಯಲ್ಲಿ ಬಿಷ್ಣೋಯಿ ಸಮುದಾಯದವರು ಜೀವ ಕೊಟ್ಟಿದ್ದಾರೆ. ಬಳ್ಳಾರಿ ಜಾಲಿಗೆ ಆ ಮರ್ಯಾದೆ ಬೇಕಿಲ್ಲ, ಎಲ್ಲೆಲ್ಲೂ ಹಬ್ಬಿದೆ. ಆದರೆ ಅದರ ಮುಳ್ಳು ಗಾಜನ್ನು ಎತ್ತಿಹಿಡಿದು ಅಂಚು ಮಸುಕು ಮಾಡುತ್ತದೆ, ಕತ್ತರಿಸಿಬಿಡಿ. ಎಕ್ಕದ ಎಲೆ ದಪ್ಪ, ಹಾಲು ಬೇರೆ ಸೋರುತ್ತದೆ. ಅದರ ಕೆಳಗೆ ತೆಳು ಪಾರದರ್ಶಕ ಪ್ಲಾಸ್ಟಿಕ್ (ಒಎಚ್‌ಪಿ) ಹಾಳೆ ಇಡಿ. ಇಲ್ಲದಿದ್ದರೆ ಬಿಸಿಗೆ ಎಲೆಯ ನೀರು ಆವಿಯಾಗಿ ಗಾಜಿನಡಿ ಬೆವೆತು, ಕಾಗದದ ಮೇಲೆ ಕಲೆ ಕಟ್ಟುತ್ತದೆ.

ಮೇಲಿನ ಗಾಜು 3–4 ಮಿ.ಮೀ. ಸಾದಾ ಕಿಟಕಿ ಗಾಜಾಗಲಿ. ಲ್ಯಾಮಿನೇಟೆಡ್ ಗಾಜು ನೇರಳಾತೀತವನ್ನು ತಡೆಯುತ್ತದೆ. ಒಂದು ಮರಳಿನ ಕಣ ಗಾಜಿಗೆ ಅಂಟಿದ್ದರೂ ಅಚ್ಚಿನಲ್ಲಿ ಬಿಳಿ ಚುಕ್ಕೆ, ಪ್ರತಿ ಸಲ ಒರೆಸಿ. ಆಂಧಿ (ಧೂಳಿನ ಬಿರುಗಾಳಿ) ಎದ್ದ ಮೇಲೆ ಆಕಾಶ ಮಬ್ಬಾಗಿದ್ದರೆ ಅಂದು ಬಿಡುವುದೇ ಮೇಲು. ಚದುರಿದ ಬೆಳಕು ಎಲೆಯಡಿ ನುಸುಳಿ ಅಂಚನ್ನು ಕರಗಿಸುತ್ತದೆ.

ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12:40ಕ್ಕೆ. ಆ ಹೊತ್ತಿನ ಆಸುಪಾಸು ಮೇ ತಿಂಗಳಲ್ಲಿ 5–8 ನಿಮಿಷ, ಡಿಸೆಂಬರಿನಲ್ಲಿ 15–20 ನಿಮಿಷದ ಬಿಸಿಲಿನಿಂದ ಶುರುಮಾಡಿ. ಡಿಸೆಂಬರಿನಲ್ಲಿ ಸೂರ್ಯ 40 ಡಿಗ್ರಿಗಿಂತ ಮೇಲೇರುವುದೇ ಕಷ್ಟ. ಚೌಕಟ್ಟನ್ನು ದಕ್ಷಿಣಕ್ಕೆ 50 ಡಿಗ್ರಿ ವಾಲಿಸದಿದ್ದರೆ ಕಾಂಡದ ನೆರಳು ಪಕ್ಕಕ್ಕೆ ಚಾಚುತ್ತದೆ. ನಿಮಿಷಕ್ಕಿಂತ ಬಣ್ಣ ನಂಬಿ: ಹಳದಿಹಸಿರು ಮೊದಲು ನೀಲಿಯಾಗಿ, ಆಮೇಲೆ ಕಂಚಿನ ಹೊಳಪಿನ ಬೂದಿಗೆ ತಿರುಗಿದಾಗ ಒಳಗೆ ತನ್ನಿ. ಬರೀ ನೀಲಿಯಲ್ಲೇ ತೆಗೆದರೆ ತೊಳೆದಾಗ ಅರ್ಧ ಹೊರಟುಹೋಗುತ್ತದೆ.

ತೊಳೆಯುವ ನೀರೇ ಇಲ್ಲಿಯ ದೊಡ್ಡ ತಲೆನೋವು. ಪ್ರಶ್ಯನ್ ಬ್ಲೂಗೆ ಕ್ಷಾರ ಆಗದು. ಕಾಲುವೆಯಿಂದ ಬರುವ ನಲ್ಲಿ ನೀರು ಪರವಾಗಿಲ್ಲ. ಉಪ್ಪುಪ್ಪಾದ ಬೋರ್‌ವೆಲ್ ನೀರಿನಲ್ಲಿ ನೀಲಿ ಪೇಲವವಾಗಬಹುದು. ಆರ್‌ಒ ಯಂತ್ರ ಹೊರಬಿಡುವ ನೀರು ಇನ್ನೂ ಗಡಸು, ಉಳಿತಾಯವೆಂದು ಅದನ್ನು ಬಳಸಬೇಡಿ. ನಲ್ಲಿ ಬಿಟ್ಟು ತೊಳೆಯುವ ಬದಲು ಮೂರು ತಟ್ಟೆಗಳಲ್ಲಿ ಒಂದೊಂದು ಲೀಟರ್ ಇಡಿ. ಮೊದಲನೆಯದಕ್ಕೆ ಒಂದು ಚಮಚ ಸಿಟ್ರಿಕ್ ಆ್ಯಸಿಡ್ ಹಾಕಿ ಐದು ನಿಮಿಷ, ಉಳಿದೆರಡರಲ್ಲಿ ಬಿಳಿ ಭಾಗದ ಹಳದಿ ಪೂರ್ತಿ ಹೋಗುವವರೆಗೆ. ಹಳದಿ ಉಳಿದರೆ ಮುಂದೆ ಬೆಳಕಿಗೆ ಅದೂ ನೀಲಿಯಾಗುತ್ತದೆ. ಕೊನೆಯ ತಟ್ಟೆಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಕಡುನೀಲಿ ಕೂಡಲೇ ಕಾಣುತ್ತದೆ, ಹಾಕದಿದ್ದರೂ ಒಂದು ದಿನದ ಗಾಳಿಗೆ ಅಷ್ಟೇ ಗಾಢವಾಗುತ್ತದೆ.

ಹಳೇ ಊರಿನ ನೀಲಿ ಗೋಡೆಯ ಮೇಲೆ ನೀಲಿ ಅಚ್ಚು ಅಂಟಿಸುವ ಆಸೆ ಯಾರಿಗಾದರೂ ಬರುತ್ತದೆ. ಗೋಡೆಗೆ ಬಳಿದಿರುವುದು ಸುಣ್ಣವಾದರೆ, ಅದರಲ್ಲೂ ಹೊಸದಾದರೆ, ಅದರ ಕ್ಷಾರ ಚಿತ್ರವನ್ನು ತಿಂದುಹಾಕುತ್ತದೆ. ಚೌಕಟ್ಟು ಹಾಕಿಸಿ ತೂಗುಹಾಕಿ. ಬಿಸಿಲಿಗೆ ಮಾಸಿದ ಅಚ್ಚನ್ನು ಕೆಲವು ದಿನ ಕತ್ತಲಲ್ಲಿಟ್ಟರೆ ಬಣ್ಣ ಬಹುಪಾಲು ಮರಳುತ್ತದೆ. ಸುಣ್ಣಕ್ಕೆ ಹೋದದ್ದು ಮರಳುವುದಿಲ್ಲ.