ಫ್ಯೂಶಿಯಾ: ನರಿಯ ಹೆಸರು ಹೊತ್ತ ರಾಣಿ ಬಣ್ಣ

ಶಿರಸಿಯ ಯಾವುದಾದರೂ ಸೀರೆ ಅಂಗಡಿಗೆ ಹೋಗಿ 'ರಾಣಿ ಕಲರ್ ತೋರಿಸಿ' ಅಂದರೆ ಸಾಕು. ಗುಲಾಬಿಯೂ ಅಲ್ಲದ, ನೇರಳೆಯೂ ಅಲ್ಲದ, ಕಣ್ಣಿಗೆ ಹೊಡೆಯುವ ಬಣ್ಣದ ನಾಲ್ಕು ಸೀರೆ ಮುಂದೆ ಬಂದು ಬೀಳುತ್ತವೆ. ಮೊಬೈಲಿನಲ್ಲಿ ಅಂಥದ್ದೇ ಸೀರೆ ಹುಡುಕಿದರೆ ಕೆಳಗೆ 'ಫ್ಯೂಶಿಯಾ' ಎಂದು ಬರೆದಿರುತ್ತದೆ. ನಮ್ಮ ಅತ್ತಿಗೆ ಅದನ್ನು 'ಫುಚ್ಸಿಯಾ' ಎಂದು ಓದಿದರು. ಇಂಗ್ಲಿಷಿನಲ್ಲಿ ಬರೆದಿರುವುದು ಹಾಗೇ ಇದೆ, ಅವರದ್ದೇನು ತಪ್ಪು?

ಅಸಲಿಗೆ ಇದು ಒಬ್ಬ ಮನುಷ್ಯನ ಹೆಸರು. ಲಿಯೋನ್‌ಹಾರ್ಟ್ ಫುಕ್ಸ್ ಜರ್ಮನಿಯ ವೈದ್ಯ, ಗಿಡಮೂಲಿಕೆ ಬಲ್ಲವನು. ತೀರಿಕೊಂಡಿದ್ದು 1566ರಲ್ಲಿ. ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಶಾರ್ಲ್ ಪ್ಲೂಮಿಯೆ ಎಂಬ ಫ್ರೆಂಚ್ ಪಾದ್ರಿ ಕೆರಿಬಿಯನ್ ದ್ವೀಪವೊಂದರಲ್ಲಿ ಹೊಸ ಗಿಡ ಕಂಡ. 1703ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅದಕ್ಕೆ ಫುಕ್ಸ್‌ನ ಹೆಸರಿಟ್ಟ. ಪಾಪ, ಫುಕ್ಸ್ ಈ ಹೂವನ್ನು ಕಂಡವನೇ ಅಲ್ಲ. ಪ್ಲೂಮಿಯೆ ಕಂಡ ಹೂವಿನ ಬಣ್ಣವೂ ರಾಣಿಯಲ್ಲ, ಕಿತ್ತಳೆಗೆಂಪು! ಗುಲಾಬಿ-ನೇರಳೆ ಬಣ್ಣದ ತಳಿಗಳು ಬೇರೆ. ಅಂದಹಾಗೆ, ನಮ್ಮ ದೇವಸ್ಥಾನದ ಅಂಗಳದಲ್ಲಿ ಉದುರುವ ದೇವಕಣಗಿಲೆಗೆ ವಿಜ್ಞಾನದ ಹೆಸರು ಪ್ಲುಮೇರಿಯಾ. ಅದು ಇದೇ ಪಾದ್ರಿಯ ಹೆಸರು.

ಫ್ಯೂಶಿಯಾ ಗಿಡ ಕಾರವಾರದ ಸೆಕೆಗೆ ಬಾಳುವಂಥದ್ದಲ್ಲ. ಊಟಿಯ ತಂಪಿನಲ್ಲಿ ತೂಗುಕುಂಡದಿಂದ ಜುಮುಕಿಯ ಹಾಗೆ ಜೋತುಬಿದ್ದಿರುತ್ತದೆ.

ಬಣ್ಣಕ್ಕೆ ಈ ಹೆಸರು ಅಂಟಿಕೊಂಡಿದ್ದು ಬಟ್ಟೆಯಿಂದ. 1859ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಫ್ರಾಂಸ್ವಾ ವೆರ್ಗ್ಯಾಂ ಎಂಬ ರಸಾಯನಶಾಸ್ತ್ರಜ್ಞ ಹೊಸ ಡೈ ತಯಾರಿಸಿದ. ಅದನ್ನು 'ಫುಕ್ಸಿನ್' ಎಂದು ಕರೆದರು. ಹೂವಿನ ಬಣ್ಣ ನೋಡಿ ಹಾಗೆ ಕರೆದರು ಅಂತ ಒಂದು ಮಾತು. ಅದಕ್ಕಿಂತ ನನಗೆ ಇಷ್ಟವಾದ ಇನ್ನೊಂದು ಮಾತಿದೆ. ಡೈ ತಯಾರಿಸಿದ ಕಂಪನಿಯವರ ಮನೆತನದ ಹೆಸರು ರೆನಾರ್. ಫ್ರೆಂಚಿನಲ್ಲಿ ಹಾಗಂದರೆ ನರಿ. ಜರ್ಮನ್ನಿನಲ್ಲಿ ನರಿಗೆ ಫುಕ್ಸ್! ಅದೇ ವರ್ಷ ಜೂನ್‌ನಲ್ಲಿ ಇಟಲಿಯ ಮಜೆಂಟಾ ಊರಿನ ಹತ್ತಿರ ಫ್ರೆಂಚರು ಯುದ್ಧ ಗೆದ್ದರು. ಆ ಗೆಲುವಿನ ನೆನಪಿಗೆ ಅದೇ ಡೈಗೆ 'ಮಜೆಂಟಾ' ಅನ್ನೋ ಹೆಸರೂ ಬಂತು.

ಹಾಗಾಗಿ ಕಂಪ್ಯೂಟರಿನಲ್ಲಿ ಫ್ಯೂಶಿಯಾ, ಮಜೆಂಟಾ ಎರಡೂ ಒಂದೇ. ಪರದೆಯ ಬೆಳಕನ್ನು 0ಯಿಂದ 255ರವರೆಗೆ ಅಳೆದರೆ ಕೆಂಪು 255, ಹಸಿರು 0, ನೀಲಿ 255. ಕಾಮನಬಿಲ್ಲಿನಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ. ಕೆಂಪು ಬೆಳಕೂ ನೀಲಿ ಬೆಳಕೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಮಿದುಳೇ ಈ ಬಣ್ಣವನ್ನು ಕಟ್ಟಿಕೊಡುತ್ತದೆ. ಅಚ್ಚಿನವರ ಮಜೆಂಟಾ ಶಾಯಿ ಮಾತ್ರ ಇಷ್ಟು ಝಗಝಗಿಸುವುದಿಲ್ಲ.

ಮಕ್ಕಳ ಪೇಂಟ್ ಡಬ್ಬಿಯ ಕೆಂಪಿಗೆ ನೀಲಿ ಬೆರೆಸಿ ಈ ಬಣ್ಣ ತರಲು ಹೋಗಬೇಡಿ. ಆ ಕೆಂಪು ಹೆಚ್ಚಾಗಿ ಹಳದಿ ಕಡೆಗೆ ವಾಲಿರುತ್ತದೆ, ಕೊನೆಗೆ ಸಿಗುವುದು ಕೆಸರು ಬಣ್ಣ. ಮಜೆಂಟಾ ಟ್ಯೂಬನ್ನೇ ತನ್ನಿ. ಚೂರು ನೇರಳೆ, ಬೇಕಾದರೆ ಒಂದು ಹನಿ ಬಿಳಿ. ರಂಗೋಲಿ ಪುಡಿಯಾದರೆ ಗಾಢ ಗುಲಾಬಿಗೆ ಒಂದು ಚಿಟಿಕೆ ನೇರಳೆ.

ಇದೇ ಬಣ್ಣ ತಿಳಿಯಾಗಿ, ಅಡುಗೆಮನೆಯಲ್ಲೇ ಬೇಕಾ? ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ಕೆಂಪು ನೀರಿಗೆ ತೆಂಗಿನಕಾಯಿ ಹಾಲು ಬೆರೆಸಿ. ಹುಳಿ ತಗ್ಗಿದ ಹಾಗೆ ಕೆಂಪು ನೇರಳೆಯ ಕಡೆ ಜಾರುತ್ತದೆ. ಕಾರವಾರದಲ್ಲಿ ಇದಕ್ಕೆ ಬೆಳ್ಳುಳ್ಳಿ, ಹಸಿಮೆಣಸು ಜಜ್ಜಿ ಹಾಕಿ, ಸೋಲ್ ಕಡಿ ಅಂತ ಊಟದ ಜೊತೆ ಕುಡಿಯುತ್ತಾರೆ.